ಚೀಟಿಯಲ್ಲಿ ಹಿಡಿಸದ ಸಾಲು

ಕಾರ್ಗಲ್ಲಿನ ನಮ್ಮ ಪ್ರಾರ್ಥನಾ ಮನೆಯಲ್ಲಿ ಹೊಸ ವರ್ಷದ ದಿನ ಬೆಳಿಗ್ಗೆ ವಾಗ್ದಾನದ ಚೀಟಿ ಎತ್ತುವ ಪದ್ಧತಿ ಇದೆ. ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಸುರುಳಿ ಸುತ್ತಿದ ಕಾಗದದ ಚೀಟಿಗಳು, ಒಂದೊಂದರಲ್ಲೂ ಬೈಬಲಿನ ಒಂದು ಮಾತು. ಯಾರ ಕೈಗೆ ಯಾವುದು ಬಂತೋ ಅದು ಆ ವರ್ಷಕ್ಕೆ ದೇವರು ಅವರಿಗೆ ಕೊಟ್ಟ ಮಾತು. ಹದಿನೆಂಟು ವರ್ಷಗಳಿಂದ ಆ ಚೀಟಿ ಬರೆಯುತ್ತಿರುವವಳು ನಾನು, ಎಸ್ತರ್ ಟೀಚರ್. ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಎಲ್ಲರೂ ಹೊಗಳುತ್ತಾರೆ, ನಾನೂ ಬೇಡ ಅಂದವಳಲ್ಲ. ಡಬ್ಬಿಗೆ ಬೀಳುವುದೆಲ್ಲ ಸಿಹಿ ಮಾತೇ. ಕಾಯುತ್ತೇನೆ, ಹರಸುತ್ತೇನೆ, ಕೈಬಿಡುವುದಿಲ್ಲ. ಬೈಬಲಿನಲ್ಲಿ ಗದರಿಕೆಗೇನೂ ಬರವಿಲ್ಲ. ಹಬ್ಬದ ದಿನ ಯಾರ ಮುಖ ಬಾಡಿಸುವುದು ಎಂದು ಅದನ್ನು ಡಬ್ಬಿಯ ಹತ್ತಿರಕ್ಕೂ ಬಿಡದವಳು ನಾನೇ.

ಆದರೆ ನಾನು ಹೇಳಹೊರಟದ್ದು ಕನ್ನಮ್ಮನ ಸಂಗತಿ. ಅವಳ ಅಜ್ಜ ಲಿಂಗನಮಕ್ಕಿ ಅಣೆಕಟ್ಟಿಗೆ ಕಲ್ಲು ಹೊರಲು ಸೇಲಂ ಕಡೆಯಿಂದ ಬಂದವನು. ಕಟ್ಟೆ ಮುಗಿದರೂ ಮನೆಯವರು ವಾಪಸ್ ಹೋಗಲಿಲ್ಲ. ಕನ್ನಮ್ಮ ಹುಟ್ಟಿದ್ದು ಕೂಲಿ ಲೈನಿನ ತಗಡಿನ ಮನೆಯಲ್ಲಿ, ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಮೂವತ್ತು ವರ್ಷ ಕಾಲೊನಿಯ ಕ್ವಾರ್ಟರ್ಸುಗಳಲ್ಲಿ ಪಾತ್ರೆ ತಿಕ್ಕಿ, ಎರಡು ಹಸು ಕಟ್ಟಿ, ಹಾಲು ಮಾರಿ ಸಂಸಾರ ಸಾಗಿಸಿದಳು. ಗಂಡ ದೇವಸಹಾಯ ಸಿಕ್ಕ ಕೂಲಿಗೆ ಹೋಗುವವನು, ನಗುಮುಖದವನು, ಹಠಮಾರಿ. ಮಕ್ಕಳಾಗಲಿಲ್ಲ. ನಲವತ್ತೈದು ದಾಟಿದ ಮೇಲೆ ಒಂದು ದಿನ ನನ್ನ ಬಾಗಿಲಿಗೆ ಬಂದು, "ಟೀಚರೇ, ಬೈಬಲ್ ನಾನೇ ಓದ್ಬೇಕು. ಕಲಿಸ್ತೀರಾ?" ಎಂದಳು.

ಎರಡು ವರ್ಷ ಹಿಡಿಯಿತು. ಬೆರಳಿಟ್ಟು ಅಕ್ಷರ ಕೂಡಿಸಿ ಕೂಡಿಸಿ ಒಂದು ಸಾಲು ಮುಗಿಸುವಳು, ಪುಸ್ತಕ ಮುಚ್ಚುವಳು. "ಮುಂದೆ ಓದಿ" ಎಂದು ನಾನು ರೇಗಿದರೆ "ಇದೇ ಇನ್ನೂ ಮುಗಿದಿಲ್ಲವಲ್ಲ ಟೀಚರೇ" ಎನ್ನುವಳು. ಆ ಒಂದು ಸಾಲನ್ನು ದಿನವಿಡೀ ಬಾಯಲ್ಲಿ ಇಟ್ಟುಕೊಂಡು ಹಾಲು ಕರೆಯುವಾಗ, ಸಗಣಿ ಬಾಚುವಾಗ, ಬಸ್ಸು ಕಾಯುವಾಗ ಗುನುಗುತ್ತಲೇ ಇರುವಳು. ಕನ್ನಮ್ಮನ ಮನೆಯಲ್ಲಿ ಮೆಲುಕು ಹಾಕುವವರು ಮೂವರು, ಎರಡು ಹಸು ಮತ್ತು ಕನ್ನಮ್ಮ ಎಂದು ಲೈನಿನವರು ಆಡಿಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ನಾನು ಕಾಫಿಗೆ ಮೊದಲೇ ನಾಲ್ಕು ಅಧ್ಯಾಯ ಮುಗಿಸಿ ಪೆನ್ಸಿಲಿನಲ್ಲಿ ಗುರುತು ಹಾಕುವವಳು, ವರ್ಷಕ್ಕೊಮ್ಮೆ ಇಡೀ ಬೈಬಲ್ ಓದಿ ಮುಗಿಸುವವಳು. ದೇವರ ಮಾತನ್ನು ಜಗಿಯಬೇಕು, ನುಂಗಬಾರದು ಎಂದು ಹೊಸನಗರದಿಂದ ಪ್ರತಿ ಭಾನುವಾರ ಬರುವ ನಮ್ಮ ಪಾಸ್ಟರು ಹೇಳಿದಾಗೆಲ್ಲ ಎಲ್ಲರಿಗಿಂತ ಜೋರಾಗಿ ಆಮೆನ್ ಹೇಳುವವಳೂ ನಾನೇ. ಶಾಸ್ತ್ರ ಹೇಳಿ ಬದನೆಕಾಯಿ ತಿನ್ನುವುದು ಎಂದರೆ ಇದೇ.

ಕಳೆದ ವರ್ಷ ಚೀಟಿ ಬರೆಯುವಾಗ ನನ್ನ ಕಣ್ಣಿಗೆ ಪೊರೆ ಬರಲು ಶುರುವಾಗಿತ್ತು. ಒಂದು ಚೀಟಿಯಲ್ಲಿ ಮನುಷ್ಯ ಬದುಕುವುದು ದೇವರ ಮಾತಿನಿಂದ ಎಂದು ಬರೆಯಬೇಕಿತ್ತು. ಕಣ್ಣು ಮೂರು ಸಾಲು ಕೆಳಕ್ಕೆ ಜಾರಿ, ದೇವರನ್ನು ಪರೀಕ್ಷೆ ಮಾಡಬೇಡ ಎಂದು ಬರೆದುಬಿಟ್ಟೆ. ಅದು ಹೋಗಿ ಕನ್ನಮ್ಮನ ಕೈಗೇ ಬಂತು. ಪಕ್ಕದಲ್ಲಿ ಕೂತಿದ್ದವರು ಪಾಪ ಅಂದರು. ತಪ್ಪು ನನ್ನದು, ಬೇರೆ ಚೀಟಿ ತೆಗೆದುಕೊಳ್ಳಿ ಎಂದೆ. ಅವಳು, "ಬಂದದ್ದು ಬಂತು, ಇರ್ಲಿ ಬಿಡಿ" ಎಂದು ಸೆರಗಿಗೆ ಗಂಟು ಹಾಕಿಕೊಂಡಳು.

ದೇವಸಹಾಯನಿಗೆ ಸಿಕ್ಕಿದ್ದು ಮಾತ್ರ ಎಲ್ಲರೂ ಹೊಟ್ಟೆಕಿಚ್ಚು ಪಡುವಂಥದು. ನಿನ್ನ ಕಾಲು ಕಲ್ಲಿಗೆ ತಾಗದ ಹಾಗೆ ದೂತರು ನಿನ್ನನ್ನು ಕೈಮೇಲೆ ಎತ್ತಿಕೊಳ್ಳುವರು. ಅದು ತೊಂಬತ್ತೊಂದನೆಯ ಕೀರ್ತನೆಯ ಮಾತು. ಅವನು ಅದನ್ನು ಹಳೆಯ ಬಸ್ ಪಾಸಿನ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ.

ಜನವರಿ ಎರಡನೇ ವಾರ ಲೈನಿನ ಹಿಂದಿನ ಕಾಡಿನಂಚಿನಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಮೂರು ದಿನ ಬಿಟ್ಟು ಇನ್ನೆರಡು. ನಮ್ಮ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಂಗನ ಮೈಮೇಲಿನ ಉಣುಗು ತರಗೆಲೆಗೆ ಇಳಿಯುತ್ತದೆ, ತರಗೆಲೆಗೆ ಕೈ ಹಾಕಿದವನನ್ನು ಕಚ್ಚುತ್ತದೆ, ಕಚ್ಚಿದ್ದು ಗೊತ್ತಾಗುವುದೂ ಇಲ್ಲ. ಮಂಗನ ಕಾಯಿಲೆಗೆ ಇಂಥದ್ದೇ ಮದ್ದು ಅಂತ ಇಲ್ಲ. ತೀರ್ಥಹಳ್ಳಿ ಕಡೆ ನಾನು ಪಾಠ ಮಾಡುತ್ತಿದ್ದಾಗ ಒಂದೇ ಬೇಸಿಗೆಯಲ್ಲಿ ಒಂದೇ ಕೇರಿಯಿಂದ ಇಬ್ಬರನ್ನು ಹೊತ್ತುಕೊಂಡು ಹೋದದ್ದನ್ನು ಕಂಡಿದ್ದೆ. ಆರೋಗ್ಯ ಇಲಾಖೆಯವರು ಬಂದು ಮಂಗಗಳನ್ನು ಸುಟ್ಟು, ಸುತ್ತ ಬಿಳಿ ಪುಡಿ ಎರಚಿ ಹೋದರು. ಆಮೇಲೆ ಕಾಡಿನಿಂದ ಒಂದು ಕೂಗೂ ಇಲ್ಲ. ದಿನಾ ಬೆಳಿಗ್ಗೆ ನಮ್ಮ ಹೆಂಚಿನ ಮೇಲೆ ಧಡಧಡ ಓಡುತ್ತಿದ್ದ ಮಂಗಗಳನ್ನು ಬೈಯುತ್ತಿದ್ದ ನಾನು, ಅವು ಬಾರದ ಬೆಳಗಿನಲ್ಲಿ ಹೆಂಚಿನ ಕಡೆ ಕಿವಿಗೊಟ್ಟು ಕೂರತೊಡಗಿದೆ.

ಆಶಾ ಕಾರ್ಯಕರ್ತೆ ಮಹಾಲಕ್ಷ್ಮೀ ಮೈಗೆ ಹಚ್ಚುವ ಎಣ್ಣೆಯ ಬಾಟಲಿ ಹಿಡಿದು ಮನೆಮನೆಗೆ ಬಂದಳು. "ದೇವಸಹಾಯಣ್ಣ, ಈ ನಾಲ್ಕು ತಿಂಗಳು ಕಾಡಿಗೆ ಹೋಗ್ಬೇಡಿ. ಹೋಗ್ಲೇಬೇಕು ಅಂದ್ರೆ ಎಣ್ಣೆ ಹಚ್ಕೊಂಡು ಹೋಗಿ, ಬಂದ್ಮೇಲೆ ಬಿಸಿನೀರು ಹುಯ್ಕೊಳಿ."

ಅವನು ಜೇಬು ತಟ್ಟಿ ನಕ್ಕ. "ನನ್ನ ದೂತರು ಎತ್ಕೊಂಡು ಹೋಗ್ತಾರಂತೆ ಕಣಮ್ಮ. ಆ ಗಬ್ಬು ಎಣ್ಣೆ ಅವ್ರಿಗೂ ಆಗ್ಲಿಕ್ಕಿಲ್ಲ."

ಕೊಟ್ಟಿಗೆಗೆ ಹಾಸಲು ತರಗೆಲೆ ಬೇಕೆಂದು ಅವನು ವಾರಕ್ಕೆ ಮೂರು ದಿನ ಕಾಡಿಗೆ ಹೋಗುತ್ತಲೇ ಇದ್ದ. ಕನ್ನಮ್ಮ ಹುಲ್ಲು ಹಾಸಿ ನೋಡಿದಳು, ಅಡಿಕೆ ಸಿಪ್ಪೆ ತಂದು ಹಾಸಿ ನೋಡಿದಳು, ಹಸು ಮಾರಿಬಿಡೋಣ ಅಂದಳು. ಅವನು ಕೇಳಲಿಲ್ಲ. ಅವನು ತಲೆಹೊರೆ ಹೊತ್ತು ಬಂದಾಗೆಲ್ಲ ಇವಳು ಅಂಗಳದಲ್ಲೇ ನಿಲ್ಲಿಸಿ, ಕಿವಿಯ ಹಿಂದೆ, ಕಂಕುಳಲ್ಲಿ, ಬೆನ್ನ ಮೇಲೆ ಹುಡುಕುವಳು. ಸಾಸಿವೆಗಿಂತ ಸಣ್ಣದನ್ನು ಎಷ್ಟು ಅಂತ ಹುಡುಕುವುದು?

ಇತ್ತ ತನ್ನ ಚೀಟಿಯ ಮಾತು ಬೈಬಲಿನಲ್ಲಿ ಎಲ್ಲಿದೆ ತೋರಿಸಿ ಎಂದು ಅವಳು ನನ್ನ ಹತ್ತಿರ ಬಂದಿದ್ದಳು. ಪುಟ ತೆರೆದು ಕೊಟ್ಟಿದ್ದೆ. ಆ ಒಂದು ಪುಟದ ಹನ್ನೊಂದು ವಚನವನ್ನು ಮೂರು ವಾರ ಓದಿದಳು. ಫೆಬ್ರವರಿಯ ಒಂದು ಬುಧವಾರ ಮಧ್ಯಾಹ್ನ ಆ ಪುಟ ತೆರೆದು ಹಿಡಿದುಕೊಂಡೇ ಬಂದಳು.

"ಟೀಚರೇ, ಇವ್ರ ಚೀಟಿ ಮಾತು ಇಲ್ಲಿದೆ. ನನ್ನ ಮಾತಿನ ಮೇಲೇ ಇದೆ."

"ಇರುತ್ತೆ. ಅದು ಕೀರ್ತನೆಯಿಂದ ತೆಗೆದು ಇಲ್ಲಿ ಹೇಳಿದ್ದು."

"ಹೇಳ್ತಿರೋದು ಯಾರು ನೋಡಿ."

ನೋಡಬೇಕಾಗಿರಲಿಲ್ಲ. ಮೂವತ್ತು ಸಲ ಓದಿದ್ದೆ. ಸೈತಾನ ಯೇಸುವನ್ನು ದೇವಾಲಯದ ತುದಿಗೆ ಕರೆದುಕೊಂಡು ಹೋಗಿ, ಕೆಳಕ್ಕೆ ಹಾರು, ದೂತರು ಎತ್ತಿಕೊಳ್ಳುತ್ತಾರೆಂದು ಬರೆದಿದೆಯಲ್ಲ ಎನ್ನುತ್ತಾನೆ. ಅದಕ್ಕೆ ಯೇಸು ಕೊಟ್ಟ ಉತ್ತರವೇ ಕನ್ನಮ್ಮನ ಚೀಟಿ. ಮೂವತ್ತು ಸಲ ಓದಿದವಳಿಗೆ ಒಂದೇ ಮನೆಯ ಎರಡು ಚೀಟಿಗಳು ಎದುರುಬದುರು ನಿಂತದ್ದು ಕಾಣಲಿಲ್ಲ. ಬೆರಳಿಟ್ಟು ಓದುವವಳಿಗೆ ಕಂಡಿತು.

"ದೇವ್ರ ಮಾತೇ ಟೀಚರೇ. ಆದ್ರೆ ಹಾರು ಅಂತ ಹೇಳೋಕೆ ಅದನ್ನ ಹಿಡ್ಕೊಂಡ್ರೆ ಅದು ಅವನ ಮಾತಾಗ್ಬಿಡ್ತದೆ. ಇವ್ರು ದಿನಾ ಹಾರ್ತಿದಾರೆ. ನಾನು ಹೇಳಿದ್ರೆ, ನಿಂಗೆ ಬಂದದ್ದು ನಿಂಗೆ, ನಂಗೆ ಬಂದದ್ದು ನಂಗೆ ಅಂತಾರೆ. ಚೀಟಿ ಬರ್ದವ್ರು ನೀವು. ನೀವು ಹೇಳಿದ್ರೆ ಕೇಳ್ತಾರೆ."

ಆಗಲೇ ಎದ್ದು ಚಪ್ಪಲಿ ಮೆಟ್ಟಿ ಹೋಗಬೇಕಿತ್ತು. ಅವರ ಮನೆ ಇನ್ನೂರು ಹೆಜ್ಜೆ ದೂರ. ನಾನು ಬರೆದ ಚೀಟಿಯನ್ನು ನಾನೇ ತಿದ್ದಲು ಹೋಗುವುದು ನನಗೆ ಮುಜುಗರ ಅನ್ನಿಸಿತು. ಪಾಸ್ಟರ ಎದುರಿಗೇ ಹೇಳಿದರೆ ತೂಕ ಬರುತ್ತದೆ ಎಂದು ನೆಪ ಹುಡುಕಿಕೊಂಡೆ. "ಭಾನುವಾರ ಹೇಳ್ತೀನಿ" ಎಂದೆ.

ಶನಿವಾರ ದೇವಸಹಾಯನಿಗೆ ಜ್ವರ ಬಂತು. ಉಣುಗು ಕಚ್ಚಿದ್ದು ಯಾವತ್ತೋ ದೇವರಿಗೇ ಗೊತ್ತು. ಬುಧವಾರಕ್ಕೆ ಮೊದಲೇ ಕಚ್ಚಿರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅದರಿಂದ ಸಮಾಧಾನವೇನೂ ಆಗುವುದಿಲ್ಲ.

ಸಾಗರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಅದೇ ಕಾಯಿಲೆ ಅಂದರು. ಒಂಬತ್ತು ದಿನ ಮೈ ಸುಟ್ಟಿತು, ಕಣ್ಣು ಕೆಂಡವಾಯಿತು. ಹತ್ತನೆಯ ದಿನ ಜ್ವರ ಬಿಟ್ಟಿತು. ಮನೆಗೆ ಕಳಿಸಿದರು. ಮುಂದಿನ ಭಾನುವಾರ ಅವನು ಗೋಡೆ ಹಿಡಿದುಕೊಂಡು ಪ್ರಾರ್ಥನಾ ಮನೆಗೆ ಬಂದ. ಎದ್ದು ನಿಂತು ಜೇಬಿನಿಂದ ಚೀಟಿ ತೆಗೆದು ಸಾಕ್ಷಿ ಹೇಳಿದ. "ಸಾವಿನ ಬಾಯಿಗೆ ಹೋಗಿದ್ದೆ, ದೂತರು ಎತ್ಕೊಂಡು ಬಂದ್ರು. ನನ್ನ ಮಾತು ಸುಳ್ಳಾಗ್ಲಿಲ್ಲ." ಎಲ್ಲರೂ ಚಪ್ಪಾಳೆ ತಟ್ಟಿದರು, ಕೆಲವರು ಅತ್ತರು. ನನಗೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇನ್ನು ಹೇಳುವ ಅಗತ್ಯವೇ ಇಲ್ಲ ಎಂದುಕೊಂಡೆ.

ಕನ್ನಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಗಂಡನ ಕೈಯನ್ನೇ ನೋಡುತ್ತಿದ್ದಳು. ಚೀಟಿ ಹಿಡಿದ ಬೆರಳು ಸಣ್ಣಗೆ ಅದುರುತ್ತಿತ್ತು. ಈ ಜ್ವರ ಕೆಲವರಿಗೆ ಬಿಟ್ಟ ಹಾಗೆ ಮಾಡಿ ಹನ್ನೆರಡು ದಿನದೊಳಗೆ ತಿರುಗಿ ಬರುತ್ತದೆ, ತಿರುಗಿ ಬಂದರೆ ತಲೆಗೇ ಏರುತ್ತದೆ ಎಂದು ಮಹಾಲಕ್ಷ್ಮೀ ಅವಳಿಗೆ ಹೇಳಿದ್ದಳು. ಹೊರಗೆ ಬಂದ ಮೇಲೆ ಅವಳು ನನಗೆ ಹೇಳಿದ್ದು ಇಷ್ಟೇ: "ಇನ್ನೂ ಆರು ದಿನ ಕಳೀಬೇಕು ಟೀಚರೇ."

ನಾಲ್ಕನೆಯ ದಿನ ಅವನು ಕಾಫಿ ಲೋಟ ಕೈಬಿಟ್ಟ. ಸಂಜೆಯೊಳಗೆ ಕುತ್ತಿಗೆ ಸೆಟೆದುಕೊಂಡಿತು, ಹೆಂಡತಿಯನ್ನು ಅಕ್ಕ ಎಂದು ಕರೆಯತೊಡಗಿದ. ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಅಂದರು. ಇಂಗ್ಲಿಷ್ ಕಾಗದ ಓದಲು ಒಬ್ಬರು ಬೇಕೆಂದು ನಾನೂ ಆಂಬ್ಯುಲೆನ್ಸ್ ಹತ್ತಿದೆ. ದಾರಿಯುದ್ದಕ್ಕೂ ಅವಳು ಗುನುಗುತ್ತಿದ್ದಳು. ಯಾವ ಸಾಲು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮಣಿಪಾಲದಲ್ಲಿ ಮೂರನೆಯ ದಿನ ಬೆಳಿಗ್ಗೆ ಅವನಿಗೆ ಸ್ವಲ್ಪ ಎಚ್ಚರ ಬಂತು. ನಮ್ಮಿಬ್ಬರನ್ನೂ ಗುರುತು ಹಿಡಿದ. ಜೇಬು ತಡಕಿದ, ಆಸ್ಪತ್ರೆಯ ಅಂಗಿಗೆ ಜೇಬಿರಲಿಲ್ಲ.

"ಕನ್ನಮ್ಮ, ನನ್ನ ಮಾತು ಹೇಳು."

ದೂತರು ಎತ್ತಿಕೊಳ್ಳುತ್ತಾರೆ ಎಂದು ಇಲ್ಲಿ ಹೇಗೆ ಹೇಳುತ್ತಾಳೆ? ಹೇಳದೆ ಹೇಗೆ ಇರುತ್ತಾಳೆ? ಅವಳು ಅವನ ಹಣೆಯ ಮೇಲೆ ಕೈಯಿಟ್ಟು, ಅಕ್ಷರ ಕೂಡಿಸುವ ಅದೇ ನಿಧಾನದಲ್ಲಿ ಹೇಳಿದಳು. "ಕಷ್ಟದಲ್ಲಿ ನಾನು ಅವನ ಜೊತೆಗಿರುತ್ತೇನೆ."

"ಇದು ನನ್ನ ಚೀಟೀಲಿ ಇರ್ಲಿಲ್ಲ."

"ಅದೇ ಕೀರ್ತನೇಲಿ ಇದೆ ರೀ. ಮೂರೇ ಸಾಲು ಕೆಳಗೆ. ಚೀಟಿ ಸಣ್ಣದಿತ್ತು, ಹಿಡಿಸ್ಲಿಲ್ಲ."

"ಮತ್ತೆ ಕಷ್ಟ ಬರಲ್ಲ ಅಂದಿದ್ದು?"

"ಬರೋದೇ ಇಲ್ಲ ಅಂತಿದ್ರೆ ಕಷ್ಟದಲ್ಲಿ ಜೊತೆಗಿರ್ತೀನಿ ಅಂತ ಯಾಕೆ ಹೇಳ್ತಿದ್ದ? ನಾನು ಹದಿನೈದು ದಿನದಿಂದ ಅದನ್ನೇ ಕೇಳ್ತಿದೀನಿ. ಜೊತೆಗಿರ್ತಾನೆ ಅನ್ನೋದೊಂದು ಗಟ್ಟಿ. ಉಳಿದದ್ದು ನಂಗಿನ್ನೂ ಗೊತ್ತಾಗಿಲ್ಲ."

ಅವನು ಇನ್ನೊಂದು ಸಲ ಹೇಳು ಅಂದ. ಅವಳು ಹೇಳಿದಳು. ಮಧ್ಯಾಹ್ನದವರೆಗೆ ಹೇಳುತ್ತಲೇ ಇದ್ದಳು. ನಾಲ್ಕು ಗಂಟೆಗೆ ಅವನು ಹೋದ.

ಮಣ್ಣು ಮಾಡಿದ ಮೇಲೆ ಎಂಟು ದಿನ ನಾನು ಅವಳ ಮನೆ ಕಡೆ ತಲೆ ಹಾಕಲಿಲ್ಲ. ದೇವರ ಮಾತು ಸುಳ್ಳಾಯಿತಲ್ಲ ಎಂದು ಲೈನಿನಲ್ಲಿ ಕೆಲವರು ಕೇಳುತ್ತಿದ್ದರು. ಅವಳ ನಂಬಿಕೆ ಸಾಲಲಿಲ್ಲ ಎಂದು ನಮ್ಮವರೇ ಕೆಲವರು ಪಿಸುಗುಟ್ಟಿದರು. ಎರಡೂ ನನಗೆ ಚುಚ್ಚುತ್ತಿದ್ದವು. ಒಂಬತ್ತನೆಯ ದಿನ ತಡೆಯಲಾರದೆ ಹೋದೆ. ಅವಳು ಕೊಟ್ಟಿಗೆಯಲ್ಲಿ ಅಡಿಕೆ ಸಿಪ್ಪೆ ಹರಡುತ್ತಿದ್ದಳು.

"ಕನ್ನಮ್ಮ, ಅರ್ಧ ಮಾತು ಬರೆದು ಕೊಟ್ಟವಳು ನಾನು. ನೀವು ಬಂದು ಕೇಳಿದಾಗ ಹೇಳಲಿಲ್ಲ. ನನ್ನನ್ನ ಕ್ಷಮಿಸಿ."

"ಭಾನುವಾರ ಹೇಳ್ತೀನಿ ಅಂದಿದ್ರಿ" ಎಂದಳು. ಸಿಟ್ಟಿನಿಂದಲ್ಲ, ಸಮಾಧಾನ ಮಾಡುವ ಹಾಗೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಕೈ ತೊಳೆದು ಬಂದು ಬೈಬಲ್ ತೆಗೆದು ನನ್ನ ಮುಂದಿಟ್ಟಳು. "ಕೂತ್ಕೊಳಿ ಟೀಚರೇ. ಆ ಕೀರ್ತನೆ ಪೂರ್ತಿ ಓದಿ. ಗಟ್ಟಿಯಾಗಿ."

ಓದಿದೆ. ಹದಿನೆಂಟು ವರ್ಷ ಕತ್ತರಿಸಿ ಕತ್ತರಿಸಿ ಡಬ್ಬಿಗೆ ಹಾಕಿದ ಸಾಲುಗಳು ಒಂದರ ಹಿಂದೆ ಒಂದು ಬಂದವು. ನನ್ನ ವೇಗಕ್ಕೆ ಅವಳು ಎರಡು ಸಲ ಕೈಯೆತ್ತಿ ತಡೆದಳು. ಕಾಲು ಕಲ್ಲಿಗೆ ತಾಗದ ಹಾಗೆ ಎನ್ನುವುದು ದಾಟಿತು. ಅದರ ಕೆಳಗಿನ ಮೂರನೆಯ ಸಾಲಿಗೆ ಬಂದಾಗ ಅಕ್ಷರ ಕಲಸಿಹೋಯಿತು, ಓದು ನಿಂತಿತು. ಕನ್ನಮ್ಮನಿಗೆ ಅದು ಬಾಯಿಪಾಠ. ಆದರೂ ನನಗಾಗಿ ಹೇಳಲಿಲ್ಲ. ನಾನೇ ಓದುವವರೆಗೆ ಸುಮ್ಮನೆ ಕೂತು ಕಾದಳು.