ಹದಿಮೂರನೇ ಕ್ಯಾಮೆರಾ

ಕೆಲಸದ ಜಾಗದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕೇಬಲಕ್ಕ ಅಂತಲೇ. ಹದಿನೇಳು ವರ್ಷ ಏಣಿ ಹತ್ತಿ, ಸೀಲಿಂಗಿನೊಳಗೆ ತಲೆ ತೂರಿಸಿ, ಧೂಳು ಕುಡಿದು ಕೇಬಲ್ ಎಳೆದವಳು. ಆದರೂ ಮೀಟಿಂಗಿನಲ್ಲಿ ಬಾಯಿ ತೆರೆದರೆ ಸಾಕು, ಮ್ಯಾನೇಜರ್ "ಅದನ್ನ ಸರ್ಟಿಫಿಕೇಟ್ ಇರೋರು ನೋಡ್ಕೋತಾರೆ" ಅನ್ನುತ್ತಿದ್ದ. ಆ ಮಾತು ಮುಳ್ಳಿನ ಹಾಗೆ ನೆಟ್ಟು ಕೂತು, ನಲವತ್ತೊಂದನೇ ವಯಸ್ಸಿಗೆ ಅವಳು ನೆಟ್‌ವರ್ಕಿಂಗ್ ಪರೀಕ್ಷೆಗೆ ಕಟ್ಟಿದಳು.

ದಿನಾ ಬೆಳಿಗ್ಗೆ ಅಡುಗೆಕಟ್ಟೆಯ ಮೇಲೇ ಓದು. ಟೀಚರಾಗಿ ರಿಟೈರಾಗಿದ್ದ ಅತ್ತೆ ಪ್ರಶ್ನೆ ಕೇಳೋರು. ಅವರಿಗೆ ಸ್ವಿಚ್ ಅಂದರೆ ದೀಪ ಹಾಕೋದು, ಅಷ್ಟೇ. ಆದರೂ ಉತ್ತರ ತಡವಾದರೆ ಕನ್ನಡಕದ ಮೇಲಿಂದ ನೋಡುವ ಅಭ್ಯಾಸ ಹೋಗಿರಲಿಲ್ಲ.

ಒಂದು ದಿನದ ಪಾಠ, ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆಯಾದ ನೆಟ್‌ವರ್ಕ್ ಸ್ವಿಚ್ಚಿನ ಮಾದರಿಗಳ ಹೋಲಿಕೆ. ಅಭ್ಯಾಸಕ್ಕಿರಲಿ ಅಂತ, ತಾವು ಕ್ಯಾಮೆರಾ ಹಾಕಬೇಕಿದ್ದ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಬಂದಿದ್ದ ಸ್ವಿಚ್ಚನ್ನೂ ಅದೇ ಕಂಪನಿಯ ದೊಡ್ಡ ಮಾದರಿಯನ್ನೂ ಅಕ್ಕಪಕ್ಕ ಬರೆದಳು. ನೋಡೋಕೆ ಎರಡೂ ಅವಳಿಜವಳಿ, ಇಪ್ಪತ್ತನಾಲ್ಕು ಕ್ಯಾಮೆರಾ ಸಿಕ್ಕಿಸಬಹುದು. ಆದರೆ ಕ್ಯಾಮೆರಾಗೆ ಕರೆಂಟೂ ಆ ಕೇಬಲಿನಲ್ಲೇ, ಸ್ವಿಚ್ಚಿನಿಂದಲೇ ಹೋಗಬೇಕು. ಒಂದೊಂದಕ್ಕೆ ಹದಿನೈದು ವ್ಯಾಟ್. ದೊಡ್ಡದು ಒಟ್ಟು ಮುನ್ನೂರ ಎಪ್ಪತ್ತು ಕೊಡುತ್ತೆ, ಆಸ್ಪತ್ರೆಗೆ ಬಂದಿದ್ದ ಚಿಕ್ಕದು ಬರೀ ನೂರ ತೊಂಬತ್ತು. ಇಪ್ಪತ್ತನಾಲ್ಕು ಬಾಯಿಗೆ ಹನ್ನೆರಡೇ ತುತ್ತು.

ಹಾಳೆ ಹಿಡಿದು ಆಫೀಸಿಗೆ ಓಡಿದಳು. ಮ್ಯಾನೇಜರ್ ಓದಲೇ ಇಲ್ಲ. ಅದರ ಮೇಲೆ ಟೀ ಲೋಟ ಇಟ್ಟು ಫೋನ್ ಎತ್ತಿಕೊಂಡ.

ಸೋಮವಾರ ಜೋಡಿಸಿದರು. ಹನ್ನೆರಡು ಕ್ಯಾಮೆರಾ ಹತ್ತಿದವು. ಹದಿಮೂರನೆಯದು ಹತ್ತಲಿಲ್ಲ, ಅದರಾಚೆಯ ಒಂದೂ ಹತ್ತಲಿಲ್ಲ. ಆಸ್ಪತ್ರೆಯವರೆಲ್ಲ ನಿಂತಿದ್ದಾಗಲೇ ಮ್ಯಾನೇಜರ್ ಅವಳತ್ತ ಬೆರಳು ತೋರಿಸಿ, ಕೇಬಲ್ ಎಳೆದದ್ದೇ ಸರಿಯಿಲ್ಲ, ಓದಿಲ್ಲದವರ ಕೈಗೆ ಕೆಲಸ ಕೊಟ್ಟರೆ ಇನ್ನೇನು ಅಂದುಬಿಟ್ಟ.

ಅವಳ ಕಿವಿ ಕಾದ ಹೆಂಚಿನಂತಾಯಿತು. ಬಾಯಿ ತೆರೆದರೆ ಏನು ಬಂದೀತೋ ಅಂತ ಹಲ್ಲು ಕಚ್ಚಿ ಸ್ವಿಚ್ಚಿನ ಹತ್ತಿರ ಹೋದಳು. ಹತ್ತಿದ್ದ ಐದನೇ ಕ್ಯಾಮೆರಾದ ಕೇಬಲ್ ಕಿತ್ತಳು. ಕೆಲವೇ ಕ್ಷಣದಲ್ಲಿ ಹದಿಮೂರನೆಯದು ಕಣ್ಣು ಬಿಟ್ಟಿತು.

"ಕೇಬಲ್ ಕೆಟ್ಟಿದ್ರೆ ಇದು ಹೇಗ್ ಹತ್ತಿತು ಸಾರ್?"

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು, ಆಮೇಲೆ ಮಾತಾಡೋಣ ಅಂದ.

"ಬೈದಿದ್ದು ಎಲ್ಲರೆದುರು. ತಪ್ಪು ಸ್ವಿಚ್ಚಿಂದು, ಕೇಬಲಿಂದಲ್ಲ ಅಂತ ಬರೆಯೋದೂ ಎಲ್ಲರೆದುರೇ ಆಗ್ಲಿ."

ಆಸ್ಪತ್ರೆಯ ಎಂಜಿನಿಯರ್ ಕೆಲಸದ ವರದಿಯನ್ನೂ ಪೆನ್ನನ್ನೂ ಮುಂದೆ ಹಿಡಿದರು. ಮ್ಯಾನೇಜರ್ ಬರೆದು ಸಹಿ ಹಾಕಿದ.

ದೊಡ್ಡ ಸ್ವಿಚ್ ಬರಲು ಮೂರು ವಾರ ಹಿಡಿಯಿತು. ಪರೀಕ್ಷೆಯಲ್ಲಿ ಅವಳು ಮೊದಲ ಸಲ ಡುಮ್ಕಿ ಹೊಡೆದಳು, ಎರಡನೇ ಸಲ ಪಾಸಾದಳು. ನಾನು ಚುಚ್ಚಿದ್ದಕ್ಕೇ ನೀವು ಓದಿದ್ದು ಅಂತ ಮ್ಯಾನೇಜರ್ ಹಲ್ಲು ಕಿರಿದ. ಅವತ್ತೇ ಅವಳು ಬೇರೆ ಕಂಪನಿಗೆ ಅರ್ಜಿ ಹಾಕಿದಳು.

ಮನೆಗೆ ಬಂದಾಗ ಅತ್ತೆ ಕೇಳಿದರು, "ಸಿಟ್ಟು ಇಳೀತೇನಮ್ಮ?"

"ಇಲ್ಲ ಅತ್ತೆ."

"ಇರ್ಲಿ ಬಿಡು. ಇನ್ನೊಂದು ಪರೀಕ್ಷೆಗಾಗುತ್ತೆ."