ಮೇಜಿನ ಕೆಳಗಿನ ಮೊಣಕಾಲು

ನನ್ನ ಗಂಡನಿಗೆ ಹಳೆಯ ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾಗಳ ಹುಚ್ಚು. ಇಂಗ್ಲಿಷು ನಮ್ಮಿಬ್ಬರಿಗೂ ಅಷ್ಟಕ್ಕಷ್ಟೇ. ಆದರೂ ಅವರ ಕಾಯಿಲೆಯ ದಿನಗಳಲ್ಲಿ ಮೊಬೈಲನ್ನು ಚೊಂಬಿಗೆ ಒರಗಿಸಿಕೊಂಡು ನೋಡುತ್ತಿದ್ದೆವು. ಒಂದರಲ್ಲಿ ಒಬ್ಬ ಕಳ್ಳ ಮಂತ್ರವಾದಿ ಎಲ್ಲರ ಕಣ್ಣು ಮುಚ್ಚಿಸಿ, ಮೊಣಕಾಲಿನಿಂದ ಮೇಜು ಎತ್ತಿ, ಸತ್ತವರು ಬಂದರು ಅನ್ನುತ್ತಾನೆ. ಅಷ್ಟರಲ್ಲಿ ನಿಜವಾದ ದೆವ್ವವೇ ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತದೆ. "ಮೊದ್ಲು ಓಡೋನೇ ಅವ್ನು, ನೋಡಮ್ಮಿ!" ಎಂದು ಅವರು ಕೆಮ್ಮು ಬರುವಷ್ಟು ನಕ್ಕಿದ್ದರು.

ಅವರು ತೀರಿಕೊಂಡ ಮೂರನೇ ತಿಂಗಳು, ಒಂದು ಭಾನುವಾರ ಬೆಳಿಗ್ಗೆ, ಅವರ ಅಣ್ಣ, ನನ್ನ ಭಾವ, ಮಳವಳ್ಳಿ ಕಡೆಯಿಂದ ಒಬ್ಬಾಕೆಯನ್ನು ಗುತ್ತಲಿನ ನಮ್ಮ ಮನೆಗೆ ಕರೆತಂದರು. ಸತ್ತವರು ಆಕೆಯ ಮೈಮೇಲೆ ಬಂದು ಮಾತಾಡುತ್ತಾರಂತೆ. ನಾನು ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭತ್ತದ ತೆನೆ ಎಣಿಸಿ ಚೀಟಿ ಕಟ್ಟುವ ಕೆಲಸದವಳು. ಗಂಡ ಸತ್ತವಳು ಸ್ಕೂಟರು ಹತ್ತಿ ಹೋಗುವುದು ಭಾವನಿಗೆ ಹಿಡಿಸುತ್ತಿರಲಿಲ್ಲ.

ಆಕೆ ಮಣೆಯ ಮೇಲೆ ಕೂತು ತೂಗಾಡಿದಳು. ದನಿ ದಪ್ಪವಾಯಿತು. "ಅವ್ವಾ, ನಂಗೆ ಸಾಂತಿ ಇಲ್ಲ. ನನ್ನೆಂಡ್ತಿ ಒಸ್ಲು ದಾಟ್ತಾವ್ಳೆ. ಕೆಲ್ಸ ಬುಟ್ಟು ಮನೇಲಿರಾಕೇಳು."

"ಮಗಾ!" ಎಂದು ಅತ್ತೆ ಆಕೆಯ ಕೈ ಹಿಡಿದುಕೊಂಡರು. ಸುಳ್ಳೇಕೆ, ಒಂದು ಗಳಿಗೆ ನನ್ನ ಮೈಯೂ ಜುಮ್ಮೆಂದಿತು. ಅವರೇ ಇರಬಹುದೇನೋ ಎಂದು ಮುಂದಕ್ಕೆ ಬಾಗಿದೆ. ಆಗ ಎದುರಿಗಿದ್ದ ಹಿತ್ತಾಳೆ ಲೋಟ ತಾನಾಗಿಯೇ ಎಂಬಂತೆ ಉರುಳಿತು. ಸೀರೆಯ ನೆರಿಗೆಯೊಳಗೆ ಆಕೆಯ ಕಾಲಿನ ಹೆಬ್ಬೆರಳು ಸರಕ್ಕನೆ ಹಿಂದೆ ಹೋದದ್ದು ನನಗೆ ಕಂಡಿತು. ನಗು ಬರಬೇಕಿತ್ತು. ಅತ್ತೆ ಆಕೆಯ ಕೈಯನ್ನು ಎದೆಗೊತ್ತಿಕೊಂಡದ್ದನ್ನು ನೋಡಿ ಬರಲಿಲ್ಲ.

"ಕೇಳುಸ್ಕಂಡ್ಯೇನಮ್ಮ? ಅವ್ನೇ ಯೋಳ್ತಾವ್ನೆ" ಎಂದರು ಭಾವ.

"ಅವ್ರೇ ಆದ್ರೂ ನಾನು ಬುಡಾಕಿಲ್ಲ ಬಾವ. ಬದುಕಿದ್ದಾಗ್ಲೇ ಒಂದ್ಸಲ ಕೆಲ್ಸ ಬುಡು ಅಂದಿದ್ರು. ಆಗ್ಲೇ ಕೇಳ್ಲಿಲ್ಲ. ಈಗ ಸತ್ಮೇಲೆ ಕೇಳ್ತೀನಾ?"

ಆಕೆ ಒಂದು ಕಣ್ಣು ತೆರೆದು ಭಾವನನ್ನು ನೋಡಿದಳು. ಅತ್ತೆ ಆಕೆಯ ಕೈ ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

"ಅವ್ಳು ಅಂಗೇ ಕಣ್ಲಾ" ಎಂದು ಮಗನಿಗೆ ಹೇಳಿದರು. "ಅವ್ನು ಇದ್ದಾಗ್ಲೂ ಅಂಗೇಯ." ಆಮೇಲೆ ಆಕೆಯ ಕಡೆ ತಿರುಗಿ, "ಕಾಪಿ ಕುಡ್ದು ಒಂಟೋಗಮ್ಮ" ಎಂದರು.

ಭಾವ ಕಾಫಿಗೂ ಕಾಯದೆ ಎದ್ದರು. ಮುಂದೆ ಬಹಳ ದಿನ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ಸಂಜೆ ಅವರೆಕಾಯಿ ಸುಲಿಯುತ್ತಾ ಅತ್ತೆಗೆ ಹೆಬ್ಬೆರಳಿನ ವಿಷಯ ಹೇಳಿದೆ. ಅವರು ತಲೆ ಎತ್ತಲಿಲ್ಲ.

"ನಂಗೂ ಕಾಣುಸ್ತು. ಇನ್ನೊಂದ್ಸಲ ಅವ್ವ ಅನ್ಲಿ ಅಂತ ಸುಮ್ಕಿದ್ದೆ."

ನಾನು ಸುಲಿದ ಕಾಳನ್ನು ಅವರ ಮೊರಕ್ಕೆ ಸುರಿದೆ.

ಮಾರನೇ ದಿನ ಸೋಮವಾರ. ಎಂದಿಗಿಂತ ಮುಂಚೆಯೇ ಸ್ಕೂಟರು ತೆಗೆದೆ. ಭಾನುವಾರದ ಸುದ್ದಿ ಅಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿತ್ತು. ಎದುರುಮನೆ ಜಗಲಿಯಲ್ಲಿ ಕೂತಿದ್ದವರು ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ನೋಡಲಿ ಎಂದು ಹಾರನ್ನು ಹೊಡೆದೇ ಹೋದೆ.