ಬೀಬಮ್ಮನ ಸೌಟು, ಸುಬ್ಬತ್ತೆಯ ಹಾಡು

ಈಗ ಹೇಳಹೊರಟಿರುವುದರಲ್ಲಿ ನಡೆದದ್ದೆಷ್ಟು, ನಾನೇ ಸೇರಿಸಿಕೊಂಡದ್ದೆಷ್ಟು ಎಂದು ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ದಿನಚರಿ ಬರೆಯುವ ಚಟ ಹತ್ತಿದ್ದು ಕಾಲೇಜಿಗೆ ಹೋದ ಮೇಲೆ. ಇದು ನಾನಿನ್ನೂ ಲಂಗ ಎತ್ತಿ ಕಟ್ಟಿಕೊಂಡು ತಿರುಗುತ್ತಿದ್ದ ಕಾಲದ್ದು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಕಲಿತದ್ದು ಮುಖ್ಯವಾಗಿ ಸಾಕ್ಷಿಯನ್ನು ಅನುಮಾನಿಸುವುದನ್ನು. ಆ ಸಾಕ್ಷಿ ನಾನೇ ಆದಾಗ ಏನು ಮಾಡಬೇಕೆಂದು ಯಾವ ಮೇಷ್ಟರೂ ಹೇಳಿಕೊಡಲಿಲ್ಲ.

ಮೊನ್ನೆ ಸುಬ್ಬತ್ತೆಯ ಮೊಮ್ಮಗ ಒಂದು ಕ್ಯಾಸೆಟ್ ತಂದುಕೊಟ್ಟ. ಹಳೆಯ ಗ್ರಾಮಫೋನು ಹಾಡುಗಳು, ಗೊರಗೊರ ಸದ್ದನ್ನೆಲ್ಲ ತೆಗೆದು ತೊಳೆದಿಟ್ಟಂಥವು. ಅತ್ತೆ, ಅಂದರೆ ನನ್ನ ತಂದೆಯ ತಂಗಿ, ಕಣ್ಣು ಮುಚ್ಚಿ ಕೂತಿದ್ದಳು. ಕೃಷ್ಣನನ್ನು ಕರೆಯುವ ಒಂದು ಹಾಡು ಬಂತು. ‘ಬಾರೋ’ ಎಂಬಲ್ಲಿಗೆ ಬಂದಾಗ ನನ್ನ ಕೈ ತಾನಾಗಿ ಮೇಜನ್ನು ಟಕ್ ಎಂದು ಬಡಿಯಿತು. ಹಾಡು ಮಾತ್ರ ಎಲ್ಲೂ ನಿಲ್ಲದೆ ಮುಂದೆ ಹೋಯಿತು. ಅತ್ತೆ ಕಣ್ಣು ತೆರೆದು, “ಇದರಲ್ಲಿ ಸೌಟೇ ಇಲ್ವಲ್ಲೇ,” ಎಂದಳು.

ಸೌಟು ಬೀಬಮ್ಮನದು. ಮಾಲೂರಿನಲ್ಲಿ ನಮ್ಮ ಹಿತ್ತಲ ಗೋಡೆಯ ಆಚೆ ಅವರ ಮನೆ. ಗಂಡ ರೇಷ್ಮೆಗೂಡಿನ ವ್ಯಾಪಾರಿ. ಬೆಂಗಳೂರಿನಿಂದ ಗ್ರಾಮಫೋನನ್ನು ರೈಲಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದರು. ಅಲ್ಲಿಯವರೆಗೆ ನಮಗೆ ಹಾಡು ಎಂದರೆ ಹಾಡುವವರ ಮುಖ ನೋಡಿಕೊಂಡು, ಅವರು ಕೆಮ್ಮಿದರೆ ಕಾದುಕೊಂಡು ಕೇಳುವಂಥದ್ದು. ಈಗ ಮುಖವಿಲ್ಲದ ಹೆಂಗಸೊಬ್ಬಳು ಒಂದು ಕೊಂಕೂ ಹೆಚ್ಚುಕಡಿಮೆಯಿಲ್ಲದೆ ಅದನ್ನೇ ಹಾಡುತ್ತಿದ್ದಳು. ಅದೂ ಶುಕ್ರವಾರ ಸಂಜೆ ಮಾತ್ರ. ಯುದ್ಧದಿಂದಾಗಿ ಗ್ರಾಮಫೋನಿನ ಮುಳ್ಳು ಸಿಗುವುದು ಕಷ್ಟವಾಗಿ, ಉಳಿದ ದಿನ ಪೆಟ್ಟಿಗೆಗೆ ಮುಸುಕು.

ಆ ಕೃಷ್ಣನ ಹಾಡಿನ ಪ್ಲೇಟಿನಲ್ಲಿ ಒಂದು ಗೀರಿತ್ತು. ಮುಳ್ಳು ಅಲ್ಲಿ ಸಿಕ್ಕಿಕೊಂಡು ‘ಬಾರೋ ಬಾರೋ ಬಾರೋ’ ಎಂದು ಹಟ ಹಿಡಿಯುತ್ತಿತ್ತು. ಬೀಬಮ್ಮ ಒಲೆಯ ಬಳಿಯಿಂದ ಎದ್ದುಬಂದು ಪೆಟ್ಟಿಗೆಗೆ ಸೌಟಿನಿಂದ ಒಂದು ಕೊಟ್ಟ ಮೇಲೆಯೇ ಕೃಷ್ಣ ಮುಂದಿನ ಸಾಲಿಗೆ ಬರುತ್ತಿದ್ದ. “ನಮ್ ಮನೆಯವ್ರ ಥರಾನೇ ಇದು,” ಎನ್ನುತ್ತಿದ್ದಳು ಬೀಬಮ್ಮ. “ಒಂದು ಮಾತು ಹಿಡ್ಕೊಂಡ್ರೆ ಬಿಡಲ್ಲ.”

ಸುಬ್ಬತ್ತೆ ಆ ಹಾಡನ್ನು ಗೋಡೆಯ ಈಚೆ ನಿಂತು ಕಲಿತಳು. ಪೂರ್ತಿ ಕಲಿತಳು: ಮೂರು ‘ಬಾರೋ’, ಆಮೇಲೆ ಅಂಗೈಯಿಂದ ನೆಲಕ್ಕೊಂದು ಟಕ್. ಮೂರಲ್ಲ, ಐದು ಎನ್ನುತ್ತಾನೆ ನನ್ನಣ್ಣ. ನಾನೋ, ಕಾಲೇಜಿನಲ್ಲಿ ಗೀರಿಲ್ಲದ ಪ್ಲೇಟು ಕೇಳಿ, ಇದು ತಪ್ಪು ಎಂದು ವಾದಿಸಿ ನಗೆಪಾಟಲಾದವಳು.

ಅತ್ತೆಗೆ ಆಗ ಗಂಡು ಹುಡುಕುತ್ತಿದ್ದರು. ನೋಡಲು ಬಂದ ಇಬ್ಬರು ಹುಡುಗಿ ಎತ್ತರವಾಯಿತೆಂದು ಎದ್ದುಹೋಗಿದ್ದರು. “ಮುಳಬಾಗಿಲಿನದೂ ತಪ್ಪಿದ್ರೆ ಶ್ರೀನಿವಾಸಪುರದೋರಿಗೆ ಹೂಂ ಅಂದ್ಬಿಡೋದೇ,” ಎಂದು ಅಜ್ಜಿ ಹೇಳಿಯಾಗಿತ್ತು. ಶ್ರೀನಿವಾಸಪುರದವರದು ಎರಡನೆಯ ಮದುವೆ. ಅವರ ಮಗಳಿಗೂ ಅತ್ತೆಗೂ ಒಂದೇ ವಯಸ್ಸು.

ಮುಳಬಾಗಿಲಿನವರು ಬಂದದ್ದು ಒಂದು ಬುಧವಾರ. ಅದಕ್ಕೆ ಸ್ವಲ್ಪ ಮೊದಲು ಅತ್ತೆ ಗೋಡೆಯ ಬಳಿ ಬೀಬಮ್ಮನೊಡನೆ ಏನೋ ಪಿಸುಗುಟ್ಟಿ ಬಂದಳು. ಅಜ್ಜಿ ಗದರಿದ್ದಕ್ಕೆ, “ಕರಿಬೇವು ಕೇಳೋಕೆ ಹೋಗಿದ್ದೆ,” ಎಂದಳು.

ಹುಡುಗನ ತಂದೆ ತಾವು ಸಂಗೀತಜ್ಞರೆಂದು ತಾವೇ ಒಪ್ಪಿಕೊಂಡಿದ್ದವರು. ಹುಡುಗ ಬಾಯಿ ಬಿಡದೆ ಉಪ್ಪಿಟ್ಟಿನ ತಟ್ಟೆಯನ್ನೇ ನೋಡುತ್ತಿದ್ದ. ಅತ್ತೆ ತಲೆ ತಗ್ಗಿಸಿ ಹಾಡಿದಳು. ಬಾರೋ ಬಾರೋ ಬಾರೋ. ಟಕ್.

“ಎಂತ ಬಾಗುಂದಿ,” ಎಂದು ತೆಲುಗಿನಲ್ಲೇ ಮೆಚ್ಚಿಕೊಂಡರು ಹುಡುಗನ ತಂದೆ. “ಆ ಪೆಟ್ಟು ನೋಡಿದ್ರಾ? ಅದು ಹಳೇ ಕಾಲದ ಪಾಠ. ಈಗಿನೋರಿಗೆ ಎಲ್ಲಿ ಬರ್ತದೆ? ಯಾರಮ್ಮ ಗುರುಗಳು?”

ಉತ್ತರ ಗೋಡೆಯ ಆಚೆಯಿಂದ ಬಂತು. ಅದೇ ಹಾಡು. ಬಾರೋ ಬಾರೋ ಬಾರೋ. ಟಕ್. ಬೆನ್ನಿಗೇ ಬೀಬಮ್ಮನ ದನಿ: “ನಡಿ ಮುಂದಕ್ಕೆ, ಸೋಂಬೇರಿ.”

ನಡುಮನೆಯಲ್ಲಿ ಕೂತಿದ್ದ ಅಜ್ಜಿಯ ಮುಖದಲ್ಲಿ ಶ್ರೀನಿವಾಸಪುರ ಕಾಣಿಸಿತು. ಆಗ ಹುಡುಗ ನಕ್ಕ. ಉಪ್ಪಿಟ್ಟು ಗಂಟಲಿಗೆ ಸಿಕ್ಕಿ, ಕೆಮ್ಮಿ, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಅತ್ತೆ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು. ಅವಳೂ ನಕ್ಕಳೆಂದು ನನ್ನ ನೆನಪು. ಇದನ್ನು ಆಮೇಲೆ ಸೇರಿಸಿಕೊಂಡಿರಲೂಬಹುದು.

ತಂದೆಯವರು ಶಲ್ಯ ಸರಿಮಾಡಿಕೊಂಡರು. “ನೋಡಿದ್ರಾ,” ಎಂದರು ಗಂಭೀರವಾಗಿ, “ಆ ಪ್ಲೇಟಿನಾಕೆಗೂ ಇದೇ ಗುರುಗಳ ಪಾಠ ಆಗಿರ್ಬೇಕು.”

ಆಷಾಢ ಕಳೆದು ಮದುವೆಯಾಯಿತು. ಮಾವ, ಅಂದರೆ ಅವತ್ತು ನಕ್ಕ ಆ ಹುಡುಗ, ಈಗಿಲ್ಲ. ಇರುವವರೆಗೂ, ಅತ್ತೆ ಒಂದೇ ಮಾತು ಹಿಡಿದು ಕೂತರೆ, ಅವರು ಕೈಗೆ ಸಿಕ್ಕಿದ್ದನ್ನು ಟಕ್ ಎಂದು ಬಡಿಯುತ್ತಿದ್ದರು. ಅವಳು ಮುಂದಕ್ಕೆ ಹೋಗುತ್ತಿದ್ದಳು.

ಇಷ್ಟು ವರ್ಷ ನಾನು ಸುಬ್ಬತ್ತೆಯನ್ನು ಪಾಪದವಳು, ಗೀರನ್ನೂ ಹಾಡೆಂದು ನಂಬಿ ಕಲಿತವಳು ಎಂದುಕೊಂಡಿದ್ದೆ. ಮೊನ್ನೆ ಆ ನುಣುಪಾದ ಹಾಡು ಮುಗಿದಾಗ ಥಟ್ಟನೆ ಹೊಳೆಯಿತು: ಅವತ್ತು ಬುಧವಾರ. ಪೆಟ್ಟಿಗೆಗೆ ಮುಸುಕಿರಬೇಕಾದ ದಿನ. ಹಾಗಾದರೆ ಪ್ಲೇಟು ಹಾಕಿಸಿದವಳು ಅತ್ತೆಯೇ. ಸಂಬಂಧ ಮುರಿಯಲೆಂದೋ? ಇಲ್ಲವೇ, ಗಂಡು ನಗಬಲ್ಲವನೋ ನೋಡಿಬಿಡೋಣವೆಂದೋ?

“ಅತ್ತೆ,” ಎಂದೆ, “ಕರಿಬೇವಿನ ಗಿಡ ನಮ್ಮ ಹಿತ್ತಲಲ್ಲೇ ಇತ್ತಲ್ಲ. ಅವತ್ತು ಬೀಬಮ್ಮನ್ನ ಏನು ಕೇಳೋಕೆ ಹೋಗಿದ್ದೆ?”

ಮಾವನ ಹಾಗೆ ಮೇಜಿನ ಮೇಲೆ ಟಕ್ ಎಂದು ಬಡಿದು ನೋಡಿದೆ. ಅತ್ತೆ ಕ್ಯಾಸೆಟ್ಟನ್ನು ತಿರುಗಿಸಿ ಹಾಕಿ, ಕಣ್ಣು ಮುಚ್ಚಿಕೊಂಡಳು.